ಮಾಸ್ತಪ್ಪನ ಬ್ರೇಕಿಲ್ಲದ ಸೈಕಲ್ಲು

ಮಾಸ್ತಪ್ಪ ತನ್ನ ಹಳೆಯ ರೇಸ್ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಸಾಗರಕ್ಕೆ ಬಂದಾಗ, ಸೈಕಲ್ ಶಾಪಿನ ಶೇಷಪ್ಪ ಅದರ ಸುತ್ತ ಒಂದು ಸಲ ಬಂದು, ಎಣ್ಣೆ ಕೈಯನ್ನು ಚಿಂದಿಬಟ್ಟೆಗೆ ಒರೆಸಿಕೊಂಡ.

"ಇದರ ಗೇರಿನ ಸಾಮಾನು ಸಾಗರದಲ್ಲಿರಲಿ, ಬೊಂಬಾಯಲ್ಲೂ ಸಿಗಲಿಕ್ಕಿಲ್ಲ ಮಾರಾಯ. ಮನೇಲಿ ಗೋಡೆಗೆ ನೇತುಹಾಕು. ಚಂದ ಕಾಣ್ತದೆ."

"ಗೇರು ಬೇಡ ಶೇಷಪ್ಪಣ್ಣ. ಗೇರು, ಫ್ರೀವೀಲು ಎಲ್ಲ ಕಿತ್ತು ಬಿಸಾಕು. ಫಿಕ್ಸ್ ಮಾಡಿಕೊಡು."

ಶೇಷಪ್ಪ ಅವನ ಬಲಗಾಲನ್ನು ನೋಡಿದ. ಪಂಚೆಯ ಕೆಳಗೆ ಕಾಣುತ್ತಿದ್ದ ಆ ಮೀನಖಂಡ ಎಡಗಾಲಿನ ಅರ್ಧದಷ್ಟೂ ಇರಲಿಲ್ಲ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ವರ್ಷಗಳಲ್ಲಿ ಮಾಸ್ತಪ್ಪ ಅಲ್ಲಿ ಉಗ್ರಾಣದ ಕೆಲಸಕ್ಕಿದ್ದ. ಪರದೇಶದ ಇಂಜಿನಿಯರೊಬ್ಬ ಭಾನುವಾರ ಈ ಸೈಕಲ್ ತುಳಿಯುತ್ತ ಹೊರಟರೆ, ಮಾಸ್ತಪ್ಪ ತನ್ನ ಭಾರದ ಸೈಕಲ್ಲಿನಲ್ಲಿ ಅವನನ್ನು ಹಿಂದೆ ಹಾಕುತ್ತಿದ್ದ. ಆ ಮನುಷ್ಯ ಊರಿಗೆ ಹೋಗುವಾಗ ನಗುತ್ತ ಸೈಕಲ್ಲನ್ನು ಇವನ ಕೈಗೇ ಕೊಟ್ಟು ಹೋದ. ಆ ವರ್ಷ ಶಿವಮೊಗ್ಗದ ದಸರಾ ಪಂದ್ಯದಲ್ಲಿ ಮಾಸ್ತಪ್ಪ ಮೊದಲಿಗನಾಗಿ ಬಂದ. ಊರವರು ಹೆಗಲ ಮೇಲೆ ಹೊತ್ತು ಕುಣಿದರು. ಆಮೇಲೆ ಅವನ ಊರೇ ಮುಳುಗಡೆಗೆ ಹೋಯಿತು. ಮುಳುಗುವ ಮುನ್ನ ಕಡಿದ ಕಾಡಿನ ದಿಮ್ಮಿಗಳನ್ನು ಲಾರಿಗೆ ಹೇರುವ ಕೂಲಿಗೆ ಹೋಗಿದ್ದಾಗ ದಿಮ್ಮಿಯೊಂದು ಉರುಳಿ ಅವನ ಬಲ ಮಂಡಿಯ ಮೇಲೆ ಬಿತ್ತು. ಮೂಳೆ ಕೂಡಿತು, ಬಲ ಬರಲಿಲ್ಲ. ಈಗ ಅವನು ಹೆಂಡತಿ ಹೂವಮ್ಮನ ಜೊತೆ ಹಿನ್ನೀರಿನ ಮೇಲಣ ಗುಡ್ಡದಲ್ಲಿ, ಮುಳುಗಡೆಯವರು ಹಾಕಿಕೊಂಡ ಹೊಸ ಕೇರಿಯಲ್ಲಿ ಇದ್ದ.

"ಬರೀ ಎಡಗಾಲಲ್ಲಿ ತುಳಿದ್ರೆ ಪೆಡಲು ಅರ್ಧ ಸುತ್ತು ಬಂದು ನಿಂತುಬಿಡ್ತದೆ," ಎಂದ ಮಾಸ್ತಪ್ಪ. "ಫಿಕ್ಸ್ ಆದ್ರೆ ನಿಲ್ಲಲ್ವಲ್ಲ. ಚಕ್ರ ತಿರುಗೋವರೆಗೂ ಪೆಡಲು ತಿರುಗ್ತದೆ. ಈ ಹಾಳು ಕಾಲನ್ನೂ ಅದೇ ಎತ್ತಿ ಎತ್ತಿ ಹಾಕ್ತದೆ."

"ಎತ್ತಿ ಹಾಕೋದು ಸರಿ. ಸಾಕು ಅಂದಾಗ ಬಿಡ್ಬೇಕಲ್ಲ? ಇಳುಕಲಲ್ಲಿ ಕಾಲು ನಿಲ್ಸೋಕಾಗಲ್ಲ. ನಿಲ್ಸೋಕೆ ಹೋದ್ರೆ ಕಾಲನ್ನೇ ಎಳ್ಕೊಂಡು ಹೋಗ್ತದೆ."

"ನಂಗೆ ಗೊತ್ತು."

ಶೇಷಪ್ಪ ಒಲ್ಲದ ಮನಸ್ಸಿನಿಂದಲೇ ಕೆಲಸಕ್ಕೆ ಕೂತ. ಹಿಂದಿನ ಚಕ್ರವನ್ನು ಬಿಚ್ಚಿ, ತುಕ್ಕು ಹಿಡಿದಿದ್ದ ಫ್ರೀವೀಲನ್ನು ಸೀಮೆಎಣ್ಣೆ ಹಾಕಿ ನೆನೆಸಿ, ಬಡಿದು ಬಡಿದು ಕಳಚಿದ. ಹಳೆಯ ಸಾಮಾನಿನ ಡಬ್ಬದಲ್ಲಿ ಬ್ರಿಟಿಷರ ಕಾಲದ ಸೈಕಲ್ಲೊಂದರ ಒಂಟಿ ಹಲ್ಲುಚಕ್ರ ಸಿಕ್ಕಿತು. ಅದು ಫ್ರೀವೀಲಿನ ಹಾಗೆ ಹಿಂದಕ್ಕೆ ಸುಮ್ಮನೆ ತಿರುಗುವಂಥದ್ದಲ್ಲ, ಗಟ್ಟಿ ಉಕ್ಕಿನ ಬಿಲ್ಲೆ. ಅದನ್ನು ಹಬ್ಬಿನ ತಿರುಪಿಗೆ ಕೂರಿಸಿ ಬಿಗಿದ. ಚೈನು ಸೊಟ್ಟಗೆ ಬರುತ್ತದೆಂದು ಕಡ್ಡಿಗಳನ್ನೆಲ್ಲ ಸಡಿಲಿಸಿ, ಬಿಗಿದು, ರಿಮ್ಮನ್ನು ಮತ್ತೆ ನಡುವಿಗೆ ತಂದ. ಚೈನಿನ ಕೊಂಡಿಗಳನ್ನು ಕಳಚಿ ಗಿಡ್ಡ ಮಾಡಿ, ಚಕ್ರವನ್ನು ಹಿಂದಕ್ಕೆ ಎಳೆದು ಕಟ್ಟಿದ. ಎಲ್ಲ ಮುಗಿದ ಮೇಲೆ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚಕ್ರವನ್ನು ಕೈಯಿಂದ ತಿರುಗಿಸಿದ. ಯಾರೂ ತುಳಿಯದೆಯೇ ಎರಡು ಪೆಡಲುಗಳೂ ಗಿರಗಿರನೆ ಸುತ್ತತೊಡಗಿದವು. ಮಾಸ್ತಪ್ಪ ಕಣ್ಣು ತೆಗೆಯದೆ ನೋಡುತ್ತ ನಿಂತ.

"ಇಲ್ಲಿ ಕೇಳು," ಎಂದ ಶೇಷಪ್ಪ. "ಫಿಕ್ಸ್ ಮಾಡೋ ಹಬ್ಬಿಗೆ ಉಲ್ಟಾ ತಿರುಪಿನ ಬಳೆ ಒಂದು ಇರ್ತದೆ. ಈ ಹಲ್ಲು ಬಿಚ್ಚಿಕೊಳ್ಳದ ಹಾಗೆ ಹಿಡಿದಿಡೋದು ಅದು. ನಿನ್ನ ಹಬ್ಬಿಗೆ ಆ ತಿರುಪಿಲ್ಲ. ನಾನು ಬೇರೆ ಒಂದು ಬಳೆ ಹಾಕಿದೀನಿ. ಮುಂದಕ್ಕೆ ತುಳಿದಷ್ಟೂ ಹಲ್ಲು ಬಿಗಿ ಆಗ್ತದೆ. ಹಿಂದಕ್ಕೆ ಒತ್ತಿ ಒತ್ತಿ ನಿಲ್ಸೋಕೆ ಹೋದ್ಯೋ, ಒಂದಲ್ಲ ಒಂದು ದಿನ ಕಳಚ್ಕೊಳ್ತದೆ. ಅದಕ್ಕೇ ಮುಂದಿನ ಬ್ರೇಕು ತೆಗೀದೆ ಹಾಗೇ ಬಿಟ್ಟಿದೀನಿ. ನಿಲ್ಸೋದು ಬ್ರೇಕಲ್ಲೇ. ಸ್ವಲ್ಪ ದಿನ ಬಿಟ್ಟು ತಗೊಂಡು ಬಾ, ಇನ್ನೊಂದ್ಸಲ ಬಿಗಿದುಕೊಡ್ತೀನಿ."

ಹೊಳೆಯುವ ಬಕಲ್ ಇದ್ದ ಒಂದು ಚರ್ಮದ ಪಟ್ಟಿಯನ್ನು ಮಾಸ್ತಪ್ಪನೇ ಅಂಗಡಿಯಲ್ಲಿ ಹುಡುಕಿ ತೆಗೆದ. ಬಲಗಾಲು ಪೆಡಲಿನಿಂದ ಜಾರದಂತೆ ಕಟ್ಟಿಕೊಳ್ಳಲು.

"ಸಡಿಲ ಕಟ್ಟಿಕೋ," ಎಂದ ಶೇಷಪ್ಪ.

ಮೊದಲ ದಿನಗಳಲ್ಲಿ ಹೂವಮ್ಮನಿಗೂ ಸಂತೋಷವೇ ಆಯಿತು. ಕೇರಿಯ ಸಮತಟ್ಟು ದಾರಿಯಲ್ಲಿ ಮಾಸ್ತಪ್ಪ ಬಿದ್ದ, ಎದ್ದ, ಕೊನೆಗೆ ಕೂತೇಬಿಟ್ಟ. ಬಲಗಾಲು ಪೆಡಲಿನ ಜೊತೆ ಮೇಲೆ ಕೆಳಗೆ ಹೋಗುವುದನ್ನು ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಗಾಯವಾದಂದಿನಿಂದ ಮಾತು ಕಳೆದುಕೊಂಡವನಂತೆ ಇದ್ದ ಗಂಡ ಈಗ ಊಟಕ್ಕೆ ಕೂತು ಎರಡು ಸಲ ಅನ್ನ ಹಾಕಿಸಿಕೊಂಡ. ರಾತ್ರಿ ಕಾಲಿಗೆ ಎಣ್ಣೆ ನೀವುವಾಗ, ಆ ಕಾಲಿನಲ್ಲಿ ಏನೋ ಮಿಡುಕಿದ ಹಾಗೆ ಅವಳ ಕೈಗೂ ತಿಳಿಯಿತು.

ಆದರೆ ಅವನು ಸಮತಟ್ಟಿನಲ್ಲಿ ನಿಲ್ಲಲಿಲ್ಲ. ಕೇರಿಯ ಅಂಚಿನಿಂದ ಹಳೆಯ ರಸ್ತೆ ನೇರವಾಗಿ ಕೆಳಗಿಳಿಯುತ್ತಿತ್ತು. ಅದು ಒಂದು ಕಾಲಕ್ಕೆ ಅವರ ಊರಿಗೆ ಹೋಗುತ್ತಿದ್ದ ರಸ್ತೆ. ಈಗ ಇಳುಕಲು ಮುಗಿಯುತ್ತಿದ್ದಂತೆ ನೀರಿನೊಳಗೆ ಹೊಕ್ಕುಬಿಡುತ್ತಿತ್ತು. ನೀರಿನ ಕೆಳಗೂ ಅದು ಗದ್ದೆಗಳ ನಡುವಿನ ಏರಿಯ ಮೇಲೆ ಹಾಗೆಯೇ ಮುಂದುವರಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ನೀರು ಇಳಿದಿದ್ದ ಬೇಸಿಗೆಯಲ್ಲಿ ಒಂದು ಮೈಲಿಗಲ್ಲು ಹೊರಗೆ ಬಂದು ನಿಂತಿತ್ತು. ಮಾಸ್ತಪ್ಪ ಅಲ್ಲಿಯವರೆಗೆ ಇಳಿಯುವುದು, ಸೈಕಲ್ಲನ್ನು ತಳ್ಳಿಕೊಂಡು ಮೇಲೆ ಬರುವುದು, ಮತ್ತೆ ಇಳಿಯುವುದು ಮಾಡತೊಡಗಿದ. ದಿನವೂ ಟೈರು ಒದ್ದೆಯಾಗಿ ಬರುತ್ತಿತ್ತು.

"ನೀರಿಗ್ಯಾಕೆ ಇಳಿಸ್ತೀರಿ ಅದನ್ನ?" ಎಂದು ಹೂವಮ್ಮ ಕೇಳಿದಳು.

"ಎಲ್ಲಿಗೆ ನಿಲ್ತದೆ ಅಂತ ನೋಡ್ತೀನಿ."

"ಬ್ರೇಕ್ ಹಾಕಿದ್ರೆ ನಿಲ್ತದಪ್ಪ."

"ಬ್ರೇಕ್ ಅಲ್ಲ ಮಾರಾಯ್ತಿ. ಕಾಲಲ್ಲೇ ನಿಲ್ಲಿಸ್ತೀನಿ. ಈ ಕಾಲಲ್ಲೇ." ಅವನು ಬಲ ಮಂಡಿಯ ಮೇಲೆ ಬಡಿದುಕೊಂಡ. "ಪೆಡಲು ಮೇಲೆ ಬರುವಾಗ ಇದು ಒತ್ತಿ ಹಿಡೀತದೆ. ಮನೇಲಿ ಒಂದು ಕೊಡ ನೀರು ಎತ್ತೋಕೆ ಆಗದ ಕಾಲು, ಅಷ್ಟು ವೇಗದಲ್ಲಿ ಬರೋ ಸೈಕಲ್ಲನ್ನ ನಿಲ್ಲಿಸ್ತದೆ."

ಹೇಳುವಾಗ ಅವನ ಕಣ್ಣು ಹೊಳೆಯಿತು. ಆ ಹೊಳಪು ಅವಳಿಗೆ ಹಿಡಿಸಲಿಲ್ಲ.

ನೀರಿನ ಅಂಚಿನಲ್ಲೇ ದೋಣಿಯ ಕಡವು ಇತ್ತು. ಸಾಗರದಿಂದ ಹೊಸ ರಸ್ತೆಯಲ್ಲಿ ಬಂದ ಬಸ್ಸು ಕಡವಿನ ತನಕ ಬರುತ್ತಿತ್ತು. ಆಚೆ ದಡದ ಹಳ್ಳಿಗಳವರು, ಸಿಗಂದೂರಿಗೆ ಹರಕೆ ಹೊತ್ತವರು ಅಲ್ಲಿಂದ ದೋಣಿ ಹತ್ತುತ್ತಿದ್ದರು. ದೋಣಿಗಳ ಗುತ್ತಿಗೆ ಹಿಡಿದ ಸುಬ್ಬರಾಯ ದಡದಲ್ಲೇ ಚಹಾದಂಗಡಿಯನ್ನೂ ಇಟ್ಟಿದ್ದ. ಒಂದು ಸಂಜೆ ಮಾಸ್ತಪ್ಪ ಬಾಣದಂತೆ ಇಳಿದು ಬಂದು ಮುಂದಿನ ಚಕ್ರ ನೀರು ಮುಟ್ಟುವಷ್ಟರಲ್ಲಿ ಗಕ್ಕನೆ ನಿಂತಾಗ, ದೋಣಿಗೆ ಕಾಯುತ್ತಿದ್ದವರು ಹೋ ಎಂದು ಕೂಗಿದರು. ಸುಬ್ಬರಾಯ ತಾನೇ ಚಹಾ ಹಿಡಿದು ಬಂದ.

"ಸಂತೆ ದಿನ ಇನ್ನೊಂದ್ಸಲ ತೋರ್ಸು ಮಾಸ್ತಪ್ಪ. ಜನ ಇರ್ತಾರೆ," ಎಂದ.

ಸಂತೆಯ ದಿನ ಜನ ನಿಂತು ನೋಡಿದರು. ಮುಂದಿನ ಸಂತೆಗೆ ಇನ್ನೂ ಹೆಚ್ಚು ಜನ ಬಂದರು. ಸುಬ್ಬರಾಯ ಸೀಟಿ ಊದುವುದು, ಗುಡ್ಡದ ತಲೆಯಲ್ಲಿ ಸೈಕಲ್ ಕಾಣಿಸುವುದು, ಎಲ್ಲರೂ ಉಸಿರು ಬಿಗಿಹಿಡಿಯುವುದು, ಆಮೇಲೆ ಚಪ್ಪಾಳೆ. ಇದೊಂದು ಪದ್ಧತಿಯೇ ಆಗಿಹೋಯಿತು. ಹೊಸನಗರ, ತೀರ್ಥಹಳ್ಳಿ ಕಡೆಯವರೂ ಕೇಳಿಕೊಂಡು ಬಂದರು. ಒಂದು ದಿನ ಗುಂಪಿನಿಂದ ಯಾರೋ, "ಮುಂದೆ ಬ್ರೇಕ್ ಉಂಟಲ್ಲ! ಕಾಲಲ್ಲಿ ನಿಲ್ಲಿಸೋದು ಬರೀ ಬೊಗಳೆ," ಎಂದು ಕೂಗಿದರು.

ಸುಬ್ಬರಾಯ ಮಾಸ್ತಪ್ಪನ ಮುಖವನ್ನು ನೋಡಿದ, ಅಷ್ಟೆ.

ಅಂದು ಮನೆಗೆ ಬಂದವನೇ ಮಾಸ್ತಪ್ಪ ಬ್ರೇಕನ್ನು ತಂತಿಸಮೇತ ಬಿಚ್ಚಿ ಅಟ್ಟಕ್ಕೆ ಎಸೆದ. ಹೂವಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು.

"ಶೇಷಪ್ಪಣ್ಣ ಎಂತ ಹೇಳಿದ್ದ ನಿಮ್ಗೆ? ಬ್ರೇಕಲ್ಲೇ ನಿಲ್ಸು ಅಂದಿದ್ನಂತಲ್ಲ, ನೀವೇ ಹೇಳಿದ್ರಿ. ಬಿಗಿಸ್ಕೊಂಡಾದ್ರೂ ಬನ್ನಿ."

"ಅವನ ಹತ್ರ ಹೋದ್ರೆ ಬ್ರೇಕ್ ಇಲ್ದೆ ಸೈಕಲ್ ವಾಪಸ್ ಕೊಡ್ತಾನಾ? ನೀನು ಸುಮ್ನಿರು."

"ಆ ಸುಬ್ರಾಯರಿಗೆ ದೋಣಿ ತುಂಬಬೇಕು. ಅದಕ್ಕೆ ಕುಣಿಸ್ತಾರೆ. ನಿಮ್ಗೆ ಎಂತಕ್ಕೆ?"

"ಕುಂಟ ಅಂತ ಕರೀತಿದ್ರು ನನ್ನ. ಈಗ ಹೆಸರು ಹಿಡಿದು ಕರೀತಾರೆ," ಎಂದ.

ಮಳೆ ಹಿಡಿಯಿತು. ಘಟ್ಟದಲ್ಲಿ ಸುರಿದದ್ದೆಲ್ಲ ಹೊಳೆಗೆ ಬಂತು, ಹೊಳೆ ಹಿನ್ನೀರಿಗೆ ಬಂತು. ನೀರು ಸದ್ದಿಲ್ಲದೆ ಏರತೊಡಗಿತು. ಮೊದಲು ಮೈಲಿಗಲ್ಲಿನ ಬುಡ, ಆಮೇಲೆ ಅದರ ಮೇಲಿನ ಅಕ್ಷರ, ಆಮೇಲೆ ಕಲ್ಲೇ ಕಾಣದಾಯಿತು. ದೋಣಿಯವರು ಗೂಟವನ್ನು ಕಿತ್ತು ಮೇಲೆ ಮೇಲೆ ಹುಗಿದರು. ಕೆಳಗಿನ ಸಮತಟ್ಟು ಭಾಗವೆಲ್ಲ ಮುಳುಗಿ, ಈಗ ಕಡಿದಾದ ಇಳುಕಲೇ ನೇರವಾಗಿ ನೀರಿಗೆ ಮುಟ್ಟುತ್ತಿತ್ತು. ವೇಗ ಅಷ್ಟೇ, ನಿಲ್ಲುವ ಜಾಗ ಮಾತ್ರ ವಾರವಾರಕ್ಕೂ ಗಿಡ್ಡ. ಮಾಸ್ತಪ್ಪ ಇನ್ನಷ್ಟು ಜೋರಾಗಿ ಹಿಂದಕ್ಕೆ ಒತ್ತಬೇಕಾಯಿತು. ಬಲಗಾಲು ಅಲುಗದಂತೆ ಪಟ್ಟಿಯನ್ನು ಕೊನೆಯ ತೂತಿಗೆ ಎಳೆದು ಕಟ್ಟಿಕೊಳ್ಳತೊಡಗಿದ.

ಸದ್ದನ್ನು ಮೊದಲು ಗುರುತಿಸಿದವಳು ಹೂವಮ್ಮ. ಅವನು ಸೈಕಲ್ಲನ್ನು ಅಂಗಳಕ್ಕೆ ತರುವಾಗ ಚಕ್ರದ ನಡುವಿನಿಂದ ಕಟಕ್ ಎಂದು ಕೇಳಿಸಿತು. ಹಿಂದಕ್ಕೆ ತಳ್ಳಿದಾಗ ಇನ್ನೊಂದು ಸಲ ಕಟಕ್. ಅವನು ಸ್ನಾನಕ್ಕೆ ಹೋದಾಗ ಅವಳು ಬಗ್ಗಿ ಪೆಡಲನ್ನು ಕೈಯಿಂದ ಅಲ್ಲಾಡಿಸಿದಳು. ಚಕ್ರ ಅಲುಗಲಿಲ್ಲ, ಪೆಡಲು ಮಾತ್ರ ಹೆಬ್ಬೆರಳಿನಷ್ಟು ಹಿಂದಕ್ಕೂ ಮುಂದಕ್ಕೂ ಹೋಯಿತು. ಮೊದಲು ಹೀಗಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಚೈನು ಸ್ವಲ್ಪ ಸಡಿಲ ಆಗಿದೆ," ಎಂದ ಮಾಸ್ತಪ್ಪ, ತಲೆ ಒರೆಸಿಕೊಳ್ಳುತ್ತ. ಅವಳ ಕಡೆ ನೋಡದೆ ಹೇಳಿದ.

ಮರುದಿನ ಸಂತೆ. ಹೂವಮ್ಮ ಸಾಮಾನು ತರುತ್ತೇನೆಂದು ಬೆಳಿಗ್ಗೆಯೇ ಬಸ್ಸು ಹತ್ತಿ ಸಾಗರಕ್ಕೆ ಹೋದಳು. ನೇರವಾಗಿ ಶೇಷಪ್ಪನ ಅಂಗಡಿಗೆ ನಡೆದಳು. ಬ್ರೇಕು ಬಿಚ್ಚಿದ್ದು, ಕಡವಿನ ಆಟ, ಕಟಕ್ ಎನ್ನುವ ಸದ್ದು ಎಲ್ಲ ಹೇಳಿದಳು. ಹೆಬ್ಬೆರಳು ತೋರಿಸಿ, "ಪೆಡಲು ಇಷ್ಟು ಆಡ್ತದೆ ಅಣ್ಣ," ಎಂದಳು.

ಶೇಷಪ್ಪ ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ. "ಬಳೆ ಬಿಟ್ಟಿದೆ ತಂಗಿ. ಹಲ್ಲೂ ಬಿಡ್ತಾ ಉಂಟು. ಇವತ್ತು ಹತ್ತೋದಿಲ್ಲ ತಾನೇ?"

"ಇವತ್ತೇ ಸಂತೆ."

ಅವನು ಸ್ಪ್ಯಾನರ್ ತುಂಬಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಯ ಬಾಗಿಲೆಳೆದ. ಇಬ್ಬರೂ ಮಧ್ಯಾಹ್ನದ ಬಸ್ಸು ಹಿಡಿದರು. ದಾರಿಯಲ್ಲಿ ಮರದ ಕೊಂಬೆ ಬಿದ್ದು ಬಸ್ಸು ನಿಂತಿತು. ಜನ ಇಳಿದು ಕೊಂಬೆ ಎಳೆಯುವವರೆಗೆ ಹೂವಮ್ಮ ಸೀಟಿನಿಂದ ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು.

ಬಸ್ಸು ಕಡವು ಮುಟ್ಟಿದಾಗ ಮಳೆ ಬಿಟ್ಟಿತ್ತು. ಹಳೆಯ ರಸ್ತೆಯ ಎರಡೂ ಬದಿಗೆ ಜನ ಕೊಡೆ ಮಡಿಸಿಕೊಂಡು ಸಾಲಾಗಿ ನಿಂತಿದ್ದರು. ಅವಳು ಕಾಲು ನೆಲಕ್ಕಿಡುವಷ್ಟರಲ್ಲಿ ಸುಬ್ಬರಾಯನ ಸೀಟಿ ಕೇಳಿಸಿತು.

"ನಿಲ್ಲಿ! ಬೇಡ!" ಎಂದು ಅವಳು ಕಿರುಚಿದಳು. ಜನರ ಕೂಗಿನಲ್ಲಿ ಆ ಮಾತು ಸುಬ್ಬರಾಯನಿಗೇ ಕೇಳಲಿಲ್ಲ, ಗುಡ್ಡದ ಮೇಲಿದ್ದವನಿಗೆ ಕೇಳುವುದೆಲ್ಲಿ! ಮಾಸ್ತಪ್ಪ ಆಗಲೇ ಹೊರಟಿದ್ದ. ಹೂವಮ್ಮ ಜನರನ್ನು ನೂಕಿಕೊಂಡು ರಸ್ತೆಯ ನಡುವಿಗೆ ಬಂದು, ಎರಡೂ ಕೈ ಅಗಲಿಸಿ ಮೇಲಕ್ಕೆ ಓಡಿದಳು. ತನ್ನನ್ನು ಕಂಡರೆ ಅವನು ದೂರದಲ್ಲೇ ನಿಲ್ಲಿಸುತ್ತಾನೆ, ನೀರು ಇನ್ನೂ ದೂರವಿದೆ ಎಂಬುದಷ್ಟೇ ಅವಳ ತಲೆಯಲ್ಲಿದ್ದದ್ದು.

ಅವನು ಅವಳನ್ನು ಕಂಡ. ಬಾಯಿ ತೆರೆದು ಏನೋ ಕೂಗಿದ. ಎರಡೂ ಕಾಲಿನ ಬಲವನ್ನೆಲ್ಲ ಸೇರಿಸಿ ಪೆಡಲನ್ನು ಹಿಂದಕ್ಕೆ ಒತ್ತಿದ. ಚಕ್ರ ಒಂದು ಕ್ಷಣ ಹಿಡಿದುಕೊಂಡಿತು, ಹಿಂಬದಿ ಜಾರಿತು. ಆಮೇಲೆ ಕಬ್ಬಿಣ ಸೀಳಿದಂಥ ಶಬ್ದವೊಂದು ಬಂತು. ಅವನ ಕಾಲುಗಳು ಇದ್ದಕ್ಕಿದ್ದಂತೆ ಗಾಳಿಯನ್ನು ತುಳಿದ ಹಾಗೆ ಹಿಂದಕ್ಕೆ ತಿರುಗಿದವು. ಸೈಕಲ್ ನಿಲ್ಲಲಿಲ್ಲ. ಹೂವಮ್ಮನಿಗೆ ಅವನ ಮುಖ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ ಬಂದಾಗ ಅವನು ಹ್ಯಾಂಡಲನ್ನು ಪಕ್ಕಕ್ಕೆ ಎಳೆದ. ಅವಳ ಸೆರಗನ್ನು ಸವರಿಕೊಂಡು ಹೋದ ಸೈಕಲ್ಲು ಇನ್ನಷ್ಟು ಇಳಿದು, ರಸ್ತೆಯ ಅಂಚು ಬಿಟ್ಟು, ಮುಳುಗಿದ ಗದ್ದೆಗಳಿದ್ದ ಕಡೆ ಹಾರಿ ನೀರಿಗೆ ಬಿತ್ತು.

ಜನ ಚಪ್ಪಾಳೆ ತಟ್ಟಿದರು. ಇದೂ ಆಟದ ಒಂದು ಭಾಗವೆಂದು ಅವರು ತಿಳಿದರು. ಅವನು ಏಳುತ್ತಾನೆಂದು ಕಾದರು. ಚಪ್ಪಾಳೆ ಅಲ್ಲಲ್ಲಿ ನಿಂತಿತು. ಕೆಮ್ಮಣ್ಣಿನ ನೀರಿನಲ್ಲಿ ಗುಳ್ಳೆಗಳು ಮಾತ್ರ ಏಳುತ್ತಿದ್ದವು.

ಹೂವಮ್ಮ ಶರಾವತಿಯ ದಡದಲ್ಲಿ ಹುಟ್ಟಿದವಳು. ಧುಮುಕಿದಳು. ಒಳಗೆ ಕಣ್ಣು ಬಿಟ್ಟರೂ ಏನೂ ಕಾಣಲಿಲ್ಲ. ಕೈಗೆ ಮೊದಲು ಸಿಕ್ಕಿದ್ದು ಚಕ್ರ, ಅದು ಇನ್ನೂ ನಿಧಾನವಾಗಿ ತಿರುಗುತ್ತಿತ್ತು. ಅಲ್ಲಿಂದ ತಡಕಾಡಿ ಅವನ ತೊಡೆ ಹಿಡಿದಳು, ಪಟ್ಟಿ ಹಿಡಿದಳು. ನೆನೆದ ಚರ್ಮ ಉಬ್ಬಿ ಬಕಲ್ಲಿನೊಳಗೆ ಸಿಕ್ಕಿಕೊಂಡಿತ್ತು. ಉಗುರು ಕಿತ್ತು ಬಂತು, ಪಟ್ಟಿ ಬಿಡಲಿಲ್ಲ. ಮೇಲೆ ಬಂದು ಉಸಿರೆಳೆದುಕೊಂಡು ಮತ್ತೆ ಹೋದಳು. ಈ ಸಲ ಪಟ್ಟಿಯ ಗೋಜಿಗೆ ಹೋಗದೆ ಅವನ ಕಂಕುಳಿಗೆ ಕೈ ಹಾಕಿ, ಸೈಕಲ್ ಸಮೇತ ಅವನನ್ನು ರಸ್ತೆಯ ಕಡೆಗೆ ಎಳೆದಳು. ಶೇಷಪ್ಪ ದೋಣಿಯವನ ಗಳವನ್ನು ಕಿತ್ತುಕೊಂಡು ಸೊಂಟಮಟ್ಟದ ನೀರಿಗೆ ಇಳಿದಿದ್ದ. ಗಳದ ಕೊಕ್ಕೆ ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿತು. ನಾಲ್ಕು ಜನ ಸೇರಿ ಎಳೆದಾಗ ಮನುಷ್ಯನೂ ಸೈಕಲ್ಲೂ ಒಟ್ಟಿಗೆ ದಡಕ್ಕೆ ಬಂದರು. ಶೇಷಪ್ಪ ಚಾಕುವಿನಿಂದ ಪಟ್ಟಿಯನ್ನು ಕೊಯ್ದ. ಬೋರಲು ಮಲಗಿಸಿ ಬೆನ್ನು ಒತ್ತಿದರು. ಬಹಳ ಹೊತ್ತು ನೀರು ಮಾತ್ರ ಬಂತು. ಕೊನೆಗೆ ಒಂದು ಕೆಮ್ಮು ಬಂತು.

ಹೂವಮ್ಮ ಅವನ ಪಕ್ಕದಲ್ಲಿ ಕೆಸರಿನಲ್ಲೇ ಕೂತುಬಿಟ್ಟಳು. ಸುಬ್ಬರಾಯ ಎಲ್ಲಿದ್ದಾನೆಂದು ಆಗ ಯಾರೂ ನೋಡಲಿಲ್ಲ.

ಬಲಪಾದದ ಹರಡಿನ ಕೀಲು ಮುರಿದಿತ್ತು. ತೀರ್ಥಹಳ್ಳಿ ಕಡೆಯಿಂದ ಮೂಳೆ ಕಟ್ಟುವವರನ್ನು ಕರೆಸಿ ಬಿದಿರಿನ ದಬ್ಬೆ ಕಟ್ಟಿಸಿದರು. ಸೈಕಲ್ಲನ್ನು ಶೇಷಪ್ಪ ತಾನೇ ಸಾಗರಕ್ಕೆ ಒಯ್ದ. ಹೊರಡುವ ಮುನ್ನ ಹೂವಮ್ಮನನ್ನು ಅಂಗಳಕ್ಕೆ ಕರೆದು, "ನೀನು ಅಡ್ಡ ನಿಂತಿದ್ದಕ್ಕೆ ಹೀಗಾಯ್ತು ಅಂತ ತಲೇಲಿ ಇಟ್ಕೋಬೇಡ. ಹೇಗಿದ್ರೂ ಅವತ್ತು ಅದು ಬಿಚ್ಚಿಕೊಳ್ತಿತ್ತು. ನೀನು ಧುಮುಕದೆ ಇದ್ದಿದ್ರೆ ಅವನು ಉಳೀತಿರ್ಲಿಲ್ಲ," ಎಂದ. ಅವಳು ತಲೆಯಾಡಿಸಿದಳು.

ಒಂದು ಮಧ್ಯಾಹ್ನ ಸುಬ್ಬರಾಯ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ. ಯೋಗಕ್ಷೇಮ ಕೇಳಿದ ಮೇಲೆ, ಹೊಸನಗರದಲ್ಲಿ ಸರ್ಕಸ್ಸಿನಲ್ಲಿದ್ದವನೊಬ್ಬ ಇದ್ದಾನೆ, ಧೈರ್ಯವಂತ, ಆ ಸೈಕಲ್ ಸಿಕ್ಕಿದರೆ ತಾನು ಇಳಿಯುತ್ತೇನೆ ಅನ್ನುತ್ತಾನೆ ಎಂದು ಮಾತು ತೆಗೆದ.

ಹೂವಮ್ಮ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡಿದಳು.

"ಬ್ರೇಕ್ ಹಾಕಿಸ್ತೀರಾ?" ಎಂದು ಕೇಳಿದ ಮಾಸ್ತಪ್ಪ.

"ಬ್ರೇಕ್ ಇದ್ರೆ ಯಾರು ನೋಡೋಕೆ ಬರ್ತಾರೆ ಮಾರಾಯ?"

"ಹಾಗಾದ್ರೆ ನೀವೇ ಕೂತ್ಕೊಳ್ಳಿ ಸುಬ್ರಾಯ್ರೆ. ನಾನು ಸೀಟಿ ಊದ್ತೀನಿ."

ಸುಬ್ಬರಾಯ ನಕ್ಕ. ಇವನು ನಗಲಿಲ್ಲ. ಸುಬ್ಬರಾಯ ಕೊಡೆ ತೆಗೆದುಕೊಂಡು ಎದ್ದು ಹೋದ.

ಅಂಗಳದಿಂದ ನೋಡಿದರೆ ನೀರು ಮೊದಲಿಗಿಂತಲೂ ಮೇಲೆ ಬಂದದ್ದು ಕಾಣುತ್ತಿತ್ತು. ಮಾಸ್ತಪ್ಪ ಅದನ್ನೇ ನೋಡುತ್ತ, "ಒಂದು ಮಾತು ಹೇಳ್ತೀನಿ, ಬಯ್ಬೇಡ," ಎಂದ.

"ಹೇಳಿ."

"ಆ ಹಲ್ಲು ಬಿಚ್ಚಿಕೊಂಡಿತಲ್ಲ, ನಿನ್ನ ಪಕ್ಕ ಹಾದು ಹೋದ ಮೇಲೆ ನಂಗೆ ಹೆದರಿಕೆ ಆಗ್ಲಿಲ್ಲ. ನೀರು ಹತ್ರ ಬರ್ತಾ ಇತ್ತು. ಕೆಳಗೆ ನಮ್ಮೂರಿನ ದಾರಿ ಉಂಟು, ಹೋಗ್ತಾ ಇದೀನಿ ಅಂತ ಅನ್ನಿಸ್ತು. ಅಷ್ಟೇ ಅನ್ನಿಸಿದ್ದು."

ಬೇಸಿಗೆಯ ಉದ್ದಕ್ಕೂ ಟೈರು ಯಾಕೆ ಒದ್ದೆಯಾಗಿ ಬರುತ್ತಿತ್ತೆಂಬುದು ಹೂವಮ್ಮನಿಗೆ ಆಗ ತಿಳಿಯಿತು. ಅವನಿಗಾದರೂ ಅದು ಮೊದಲೇ ತಿಳಿದಿತ್ತೋ ಇಲ್ಲವೋ.

"ಹೊಸನಗರದಲ್ಲಿ ನನ್ನಣ್ಣನ ಮನೆ ಹಿಂದೆ ಜಾಗ ಇದೆ," ಎಂದಳು. "ಅಲ್ಲಿಗೆ ಹೋಗೋಣ. ಇಲ್ಲಿ ನಂಗೆ ಇರೋಕಾಗಲ್ಲ."

"ಹೂಂ."

"ದಬ್ಬೆ ಬಿಚ್ಚೋವರೆಗೂ ಕಾಯೋದು ಬೇಡ."

"ಹೂಂ ಅಂದ್ನಲ್ಲ."

ಆ ವಾರವೇ ಅವರು ಪಾತ್ರೆ ಪಡಗ ಕಟ್ಟಿಕೊಂಡು ಕೇರಿ ಬಿಟ್ಟರು. ಬಸ್ಸು ಸ್ವಲ್ಪ ದೂರ ಹಿನ್ನೀರಿನ ಪಕ್ಕದಲ್ಲೇ ಸಾಗಿತು. ಕಿಟಕಿಯ ಬದಿಗೆ ಹೂವಮ್ಮ ತಾನು ಕೂತಳು, ಮಾಸ್ತಪ್ಪನನ್ನು ಒಳಗೆ ಕೂರಿಸಿದಳು. ಅವನು ಅವಳ ಭುಜದ ಮೇಲಿಂದ ಕತ್ತು ಚಾಚಿ ನೀರನ್ನು ನೋಡಿದ. ಅವಳು ಅವನ ಮೊಣಕೈಯನ್ನು ಹಿಡಿದುಕೊಂಡಳು. ರಸ್ತೆ ಕಾಡಿನೊಳಗೆ ತಿರುಗಿ ನೀರು ಮರೆಯಾದ ಮೇಲೂ, ಹೊಸನಗರ ಬರುವವರೆಗೂ ಆ ಹಿಡಿತವನ್ನು ಸಡಿಲಿಸಲಿಲ್ಲ.